‘ಬೇಂಡ’ ಎಂದರೆ ಬೇಡ ಎಂದೇ ಅರ್ಥ

ಕಳೆದ ತಿಂಗಳು ಉಪ್ಪಳದ ಹತ್ತಿರ ಒಂದು ಮದುವೆ ಊಟಕ್ಕೆ ಕುಳಿತಿದ್ದೆವು. ನನ್ನ ಪಕ್ಕದಲ್ಲಿ ಅಕ್ಕನ ಮಗ, ಒಂಬತ್ತು ವರ್ಷದ ಹುಡುಗ. ಪರಿಚಯವೇ ಇಲ್ಲದ ಒಬ್ಬರು ಹಿರಿಯರು ಬಂದು ಅವನ ಗಲ್ಲ ಹಿಡಿದರು. “ಇವನೇ ಅಲ್ವಾ ಆ ಬೇಂಡ ಹುಡುಗ? ಒಮ್ಮೆ ಹೇಳು ಮೋನೆ, ಬೇಂಡ ಅಂತ ಹೇಳು” ಎಂದರು. ಇನ್ನೊಂದು ಕೈಯಲ್ಲಿ ಫೋನು ಆಗಲೇ ತಯಾರಾಗಿತ್ತು. ಹುಡುಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವರು ಮತ್ತೊಮ್ಮೆ ಕೇಳಿದರು. ಸುತ್ತ ಕುಳಿತವರು ನಕ್ಕರು. ಅವನು ಎದ್ದು ಕೈ ತೊಳೆಯಲು ಹೋದ, ಬಿರಿಯಾನಿ ಅರ್ಧಕ್ಕೇ ಉಳಿಯಿತು. ಆ ಹಿರಿಯರು ನನ್ನ ಕಡೆ ತಿರುಗಿ, “ಏನು, ಈಗಲೇ ಇಷ್ಟು ಗರ್ವವಾ?” ಎಂದರು.

ನನಗೆ ಅವರ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಮನೆಗೆ ಬಂದು ಮಲಗಿದಾಗ ಸಿಟ್ಟು ತಿರುಗಿ ಬಂದು ನನ್ನ ಎದೆ ಮೇಲೆಯೇ ಕುಳಿತಿತು. ಏಕೆಂದರೆ ಅವನನ್ನು ‘ಬೇಂಡ ಹುಡುಗ’ ಮಾಡಿದ್ದು ಆ ಹಿರಿಯರಲ್ಲ, ಅವನ ಸ್ವಂತ ಮಾಮನಾದ ನಾನು. ಹಾಗಾಗಿ ಈ ಲೇಖನದಲ್ಲಿ ಯಾರಿಗಾದರೂ ಏಟು ಬಿದ್ದರೆ, ಮೊದಲ ಏಟು ನನಗೆ ಬಿದ್ದಿದೆ ಎಂದು ತಿಳಿದು ಮುಂದೆ ಓದಿ.

ಕಥೆ ಶುರುವಾದದ್ದು 2020ರಲ್ಲಿ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಗಲ್ಫ್‌ನಲ್ಲಿ ಮೆಂಟೆನೆನ್ಸ್ ಕೆಲಸದಲ್ಲಿದ್ದೆ. ಕೊರೋನಾ ಬಂತು, ಕೆಲಸ ಹೋಯಿತು, ಊರಿಗೆ ಬಂದೆ. ಉಪ್ಪನ ಜಿನಸಿನ ಅಂಗಡಿಯಲ್ಲಿ ಅಕ್ಕಿ ತೂಗುತ್ತಾ ಕುಳಿತೆ. ಭಾವ ಶಾರ್ಜಾದಲ್ಲೇ ಸಿಕ್ಕಿಬಿದ್ದಿದ್ದರು. ಅಕ್ಕನೂ ಮಗುವೂ ನಮ್ಮ ಮನೆಯಲ್ಲಿದ್ದರು. ಕ್ಷೌರದ ಅಂಗಡಿಗಳೆಲ್ಲ ಬಂದ್. ಹುಡುಗನ ಕೂದಲು ಕಣ್ಣಿಗೆ ಬೀಳುತ್ತಿತ್ತು. ಒಂದು ದಿನ ನನ್ನ ಗಡ್ಡದ ಟ್ರಿಮ್ಮರ್ ಹಿಡಿದು ಅವನನ್ನು ಹಿಂದಿನ ಚಿಟ್ಟೆಯಲ್ಲಿ ಕೂರಿಸಿದೆ. ಭಾವನಿಗೆ ತೋರಿಸುವ ಎಂದು ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಇಟ್ಟೆ.

ಟ್ರಿಮ್ಮರ್ ಗುಂಯ್ ಎಂದ ಕೂಡಲೇ ನಾಲ್ಕು ವರ್ಷದ ಆ ಮಗು “ಬೇಂಡ ಮಾಮ, ಬೇಂಡ” ಎಂದು ಶುರು ಮಾಡಿತು. ಮೊದಲು ಗತ್ತಿನಿಂದ, ಆಮೇಲೆ ರಾಗದಲ್ಲಿ, ಆಮೇಲೆ ರಾಜಕೀಯದವರ ಹಾಗೆ ಕೈ ಎತ್ತಿ. ಉಮ್ಮ ಅಡಿಗೆಮನೆಯಿಂದ ನನಗೆ ಬೈಯುತ್ತಿದ್ದರು, ಅಕ್ಕ ಫೋನಿನ ಹಿಂದೆ ನಿಂತು ನಗುತ್ತಿದ್ದಳು. ಕೊನೆಗೆ ಅರ್ಧ ತಲೆ ಬೋಳಾಗಿ, ಅಳುತ್ತಾ ಎದ್ದು ಓಡಿದವನು ಬಕೆಟ್ಟಿಗೆ ಎಡವಿ ಬಿದ್ದ. ಎಲ್ಲ ಸೇರಿ ನಲವತ್ತೊಂದು ಸೆಕೆಂಡು.

ಭಾವನಿಗೆ ಕಳಿಸಿದೆವು. ಅವರು ನಕ್ಕು ಕಣ್ಣೊರೆಸಿಕೊಂಡರಂತೆ, ರೂಮಿನವರಿಗೆಲ್ಲ ತೋರಿಸಿದರಂತೆ. ಮೂರೇ ದಿನದಲ್ಲಿ ಅದೇ ವಿಡಿಯೋ ಉಪ್ಪಳದ ಒಂದು ಗ್ರೂಪಿನಿಂದ ನನಗೇ ವಾಪಸ್ ಬಂತು. ಯಾರೋ ಮಲಯಾಳಂ ಸಿನಿಮಾದ ಹಿನ್ನೆಲೆ ಸಂಗೀತ ಬೇರೆ ಹಾಕಿದ್ದರು. ಊರವರೆಲ್ಲ ಕದ್ದು ಹಂಚುತ್ತಿರುವಾಗ ನಾವೇ ಯಾಕೆ ಹಾಕಬಾರದು ಎಂದು ನನಗೆ ಅನಿಸಿತು. ಟಿಕ್‌ಟಾಕ್ ಅದೇ ಜೂನ್ 29ರಂದು ಬ್ಯಾನ್ ಆಗಿತ್ತು, ಅದರ ಬೆನ್ನಿಗೇ ರೀಲ್ಸ್ ಬಂದಿತ್ತು. ಯೂಟ್ಯೂಬಿನಲ್ಲಿ ಚಾನೆಲ್ ತೆರೆದೆ, ರೀಲ್ಸ್‌ಗೂ ಹಾಕಿದೆ.

ಇಂಟರ್ನೆಟ್ಟಿನ ಅತಿ ಪ್ರಸಿದ್ಧ ಮನೆ ವಿಡಿಯೋ ಹುಟ್ಟಿದ್ದೂ ಹೀಗೆಯೇ. 2007ರಲ್ಲಿ ಇಂಗ್ಲೆಂಡಿನ ಒಬ್ಬ ತಂದೆ ತನ್ನ ಇಬ್ಬರು ಪುಟ್ಟ ಗಂಡುಮಕ್ಕಳ ಒಂದು ನಿಮಿಷಕ್ಕೂ ಕಡಿಮೆಯ ವಿಡಿಯೋ ಯೂಟ್ಯೂಬಿಗೆ ಹಾಕಿದ. ತಮ್ಮ ಅಣ್ಣನ ಬೆರಳು ಕಚ್ಚುತ್ತಾನೆ, ಅಣ್ಣ ನೋವಿನಿಂದ ಕೂಗುತ್ತಾನೆ, ತಮ್ಮ ನಗುತ್ತಾನೆ. ಅಷ್ಟೇ. ‘ಚಾರ್ಲಿ ಬಿಟ್ ಮೈ ಫಿಂಗರ್’ ಎಂದು ಅದರ ಹೆಸರು. ಆ ತಂದೆಗೆ ಬೇಕಾಗಿದ್ದದ್ದು ಅಮೆರಿಕದಲ್ಲಿದ್ದ ಮಕ್ಕಳ ಗಾಡ್‌ಫಾದರ್‌ಗೆ ತೋರಿಸುವುದು ಮಾತ್ರ. ಅದನ್ನು ಎಂಬತ್ತು ಕೋಟಿಗೂ ಹೆಚ್ಚು ಸಲ ಜನ ನೋಡಿದರು. 2021ರಲ್ಲಿ ಅದನ್ನು ಎನ್‌ಎಫ್‌ಟಿಯಾಗಿ ಹರಾಜು ಹಾಕಿದಾಗ 7,60,999 ಡಾಲರ್‌ಗೆ ಹೋಯಿತು.

ದೂರದಲ್ಲಿರುವ ನೆಂಟನಿಗೆ ಬರೆದ ಒಂದು ಕಾಗದ ಅದು. ಹಾಗೆ ನೋಡಿದರೆ ನಮ್ಮವರಿಗಿಂತ ಇದನ್ನು ಚೆನ್ನಾಗಿ ಬಲ್ಲವರು ಯಾರು? ಟೇಪ್‌ರೆಕಾರ್ಡರಿನ ಮುಂದೆ ಕುಳಿತು ಮಾತು ತುಂಬಿಸಿ, ಆ ಕ್ಯಾಸೆಟ್ಟನ್ನು ಊರಿಂದ ಹೊರಟವರ ಕೈಯಲ್ಲಿ ದುಬೈಗೆ ಕಳಿಸಿದ ಜನ ನಾವು. ಮದುವೆಗೆ ಬರಲಾಗದವನಿಗೆ ಮದುವೆಯ ವಿಡಿಯೋ ಕ್ಯಾಸೆಟ್ ಕಳಿಸಿದವರು. ಆದರೆ ಆ ಕ್ಯಾಸೆಟ್ಟಿಗೆ ಒಂದು ವಿಳಾಸ ಇತ್ತು. ಹೆಂಡತಿಯ ಅಳು ಗಂಡನ ಕಿವಿಗೆ ಮಾತ್ರ ತಲುಪುತ್ತಿತ್ತು. ಅದನ್ನು ಬಸ್‌ಸ್ಟ್ಯಾಂಡಿನಲ್ಲಿ ಲೌಡ್‌ಸ್ಪೀಕರಿಗೆ ಹಾಕಿದ್ದರೆ ನಮ್ಮ ಹಿರಿಯರು ಏನು ಮಾಡುತ್ತಿದ್ದರು ಎಂದು ಯೋಚಿಸಿ. ನಾನು ಮಾಡಿದ್ದು ಅದನ್ನೇ. ಮಗುವಿನ ಅಳುವಿನ ಮೇಲಿದ್ದ ವಿಳಾಸ ಕಿತ್ತು ಹಾಕಿದೆ.

ಇರಲಿ. ಮೊದಲು ಈ ವಿಡಿಯೋಗಳ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅದು ಕಳ್ಳ ತೂಕ ಆಗುತ್ತದೆ.

ಒಂದು, ಭಾಷೆ. 1956ರ ನವೆಂಬರ್ 1ರಿಂದ ಕಾಸರಗೋಡು ಕೇರಳದಲ್ಲಿದೆ. ನಾವು ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಆಫೀಸಿನಲ್ಲಿ ಮಲಯಾಳಂ ಎಂದು ಬೆಳೆದವರು. ಕರ್ನಾಟಕದಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದದ್ದು 2009ರಲ್ಲಿ. ‘ಬ್ಯಾರಿ’ ಸಿನಿಮಾ 2011ನೇ ವರ್ಷದ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. ಅದು ದೊಡ್ಡ ಸಂಗತಿಯೇ. ಆದರೆ ನಮ್ಮ ಅಡಿಗೆಮನೆಯ ಬ್ಯಾರಿ, ಬೀಡಿ ಸೂಪು ಮಡಿಲಲ್ಲಿಟ್ಟುಕೊಂಡು ಹೆಂಗಸರು ಆಡುವ ಬ್ಯಾರಿ, ಅತ್ತೆ ಸೊಸೆ ಜಗಳದ ಬ್ಯಾರಿ ಲೋಕದ ಕಿವಿಗೆ ಬಿದ್ದದ್ದು ಈ ಫೋನಿನ ವಿಡಿಯೋಗಳಿಂದ. ಇದು ನಿಜ.

ಎರಡು, ಹಣ. ಸಾವಿರ ಚಂದಾದಾರರು, ವರ್ಷದಲ್ಲಿ ನಾಲ್ಕು ಸಾವಿರ ಗಂಟೆ ನೋಟ ಆದರೆ ಯೂಟ್ಯೂಬ್ ಜಾಹೀರಾತಿನ ಪಾಲು ಕೊಡುತ್ತದೆ. ಉದ್ದ ವಿಡಿಯೋಗಾದರೆ ನೂರಕ್ಕೆ 55 ನಮಗೆ, 45 ಅವರಿಗೆ. ನೂರು ಡಾಲರ್ ತುಂಬಿದ ಮೇಲೆ ಬ್ಯಾಂಕಿಗೆ ಬರುತ್ತದೆ. ಮೊದಲ ಸಲ ಆ ದುಡ್ಡು ಬಂದಾಗ ಉಮ್ಮ ನಂಬಲಿಲ್ಲ. ಆ ಹಣದಲ್ಲಿ ಬಾವಿಗೆ ಪಂಪು ಬಂತು, ಉಮ್ಮನ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕೆಲಸವಿಲ್ಲದ ಗಂಡಸು ಮನೆಯಲ್ಲಿ ಕುಳಿತಾಗ ಆಗುವ ಅವಮಾನದಿಂದ ನಾನೂ ಪಾರಾದೆ. ಇದೂ ನಿಜ.

ಮೂರು, ನಗು. ಆ ಎರಡು ವರ್ಷ ಎಲ್ಲರ ಮನೆಯಲ್ಲೂ ಸಾವು, ಸಾಲ, ಭಯ. ಒಂದು ನಗು ಕೊಟ್ಟವನಿಗೆ ಪುಣ್ಯ ಉಂಟು.

ಈಗ ತಕ್ಕಡಿಯ ಇನ್ನೊಂದು ತಟ್ಟೆಗೆ ಬರುವ.

ಚಾನೆಲ್ ನಡೆಸುವವನಿಗೆ ಒಂದು ಗ್ರಾಫ್ ಕಾಣುತ್ತದೆ. ಯಾವ ಸೆಕೆಂಡಿನಲ್ಲಿ ಎಷ್ಟು ಜನ ಬಿಟ್ಟುಹೋದರು, ಎಲ್ಲಿ ಉಳಿದರು ಎಂದು ಅದು ತೋರಿಸುತ್ತದೆ. ಉಮ್ಮ ಪತ್ತಿರಿ ತಟ್ಟುತ್ತಾ ಹಳೆ ಕಥೆ ಹೇಳಿದ ವಿಡಿಯೋಗೆ ಎರಡು ಸಾವಿರ ನೋಟ. ಹುಡುಗ ಕಿರುಚಿದ್ದಕ್ಕೆ ಎರಡು ಲಕ್ಷ. ಯಾರೂ ನನಗೆ ‘ಮಗುವನ್ನು ಅಳಿಸು’ ಎಂದು ಹೇಳಲಿಲ್ಲ. ಗ್ರಾಫ್ ಹೇಳಿತು. ಎಂಜಿನ್ನಿಗೆ ಗವರ್ನರ್ ಎಂಬ ಒಂದು ಭಾಗ ಇರುತ್ತದೆ. ವೇಗ ಹೆಚ್ಚಾದರೆ ಇಂಧನ ಕಡಿಮೆ ಮಾಡುವುದು ಅದರ ಕೆಲಸ. ಈ ಯಂತ್ರದಲ್ಲಿ ಅದು ತಲೆಕೆಳಗಾಗಿ ಉಂಟು. ವೇಗ ಹೆಚ್ಚಾದಷ್ಟೂ ಇಂಧನ ಹೆಚ್ಚು ಬರುತ್ತದೆ. ಅಂಥ ಎಂಜಿನ್ ಕೊನೆಗೆ ಏನಾಗುತ್ತದೆ ಎಂದು ಡಿಪ್ಲೊಮಾ ಓದಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನಾನು ಆಕ್ಸಿಲರೇಟರ್ ಒತ್ತಿದೆ.

ಪ್ಲಾಸ್ಟಿಕ್ ಹಲ್ಲಿ ಅವನ ತಟ್ಟೆಯಲ್ಲಿಟ್ಟೆ. ಅವನ ಸೈಕಲ್ಲನ್ನು ಅಡಗಿಸಿಟ್ಟು ಮಾರಿಬಿಟ್ಟೆವು ಎಂದೆ. ಕತ್ತಲ ಕೋಣೆಯಿಂದ ಹಾರಿ ಹೆದರಿಸಿದೆ. ಪ್ರತಿ ಸಲ ಅವನು “ಬೇಂಡ” ಎನ್ನುತ್ತಿದ್ದ. ಪ್ರತಿ ಸಲ ಅದೇ ನಮ್ಮ ಕೊನೆಯ ಪಂಚ್. ನಿಮಗೆ ಗೊತ್ತಿರಲಿ, ಅವರು ನಗುತ್ತಿದ್ದದ್ದು ಅವನ ಅಳುವಿಗೆ ಮಾತ್ರ ಅಲ್ಲ. ಕಣ್ಣೂರಿನಿಂದ ಆಚೆಯವರಿಗೆ ‘ವೇಂಡ’ ಎನ್ನುವ ಕಡೆ ನಾವು ‘ಬೇಂಡ’ ಎನ್ನುವುದೇ ಒಂದು ತಮಾಷೆ. ಭಾಷೆ ಬೆಳಗುತ್ತಿದ್ದೇವೆ ಎಂದು ಕುಣಿಯುತ್ತಿದ್ದ ನನಗೆ ಆ ನಗುವಿನಲ್ಲಿದ್ದ ಮುಳ್ಳು ಕಾಣಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದನ್ನು ಈಗ ಹೇಳುತ್ತೇನೆ. 2022ರ ಪೆರ್ನಾಲಿಗೆ ಭಾವ ಬಂದರು, ಎರಡು ವರ್ಷದ ಮೇಲೆ. ಗಲ್ಫ್‌ನಿಂದ ಉಪ್ಪ ದಿಢೀರನೆ ಬಂದು ಮಕ್ಕಳಿಗೆ ಅಚ್ಚರಿ ಕೊಡುವ ವಿಡಿಯೋ ನೀವೆಲ್ಲ ನೋಡಿದ್ದೀರಿ, ನೋಡಿ ಅತ್ತಿದ್ದೀರಿ. ನಾವೂ ಮಾಡಿದೆವು. ಭಾವ ಗೇಟಿನ ಹೊರಗೆ ನಿಂತಿದ್ದರು. ಒಳಗೆ ನಾನು ಹುಡುಗನಿಗೆ, “ನಿನ್ನ ಉಪ್ಪ ಈ ಪೆರ್ನಾಲಿಗೂ ಬರುವುದಿಲ್ಲವಂತೆ” ಎಂದೆ. ಅವನ ಮುಖ ಕುಗ್ಗಿತು, ತುಟಿ ನಡುಗಿತು, ಅಳು ಬಂತು. ಆಗ ಭಾವ ಒಳಗೆ ಬಂದರು. ಆದರೆ ಫ್ರೇಮಿನಲ್ಲಿ ಬಾಗಿಲು ಸಿಕ್ಕಿರಲಿಲ್ಲ. “ಭಾವ, ಒಂದು ಸಲ ಹೊರಗೆ ಹೋಗಿ ಪುನಃ ಬನ್ನಿ” ಎಂದೆ. ಅವರು ಹೋದರು. ಪುನಃ ಬಂದರು. ಹುಡುಗ ಆಗ ಮೊದಲು ತಿರುಗಿ ನೋಡಿದ್ದು ತನ್ನ ಉಪ್ಪನನ್ನಲ್ಲ, ಫೋನನ್ನು. ಆಮೇಲೆ ಓಡಿಹೋಗಿ ತಬ್ಬಿದ, ಚೆನ್ನಾಗಿ ತಬ್ಬಿದ, ಹೇಗೆ ತಬ್ಬಬೇಕೋ ಹಾಗೆ. ಆರು ವರ್ಷದ ಮಗು. ಆ ವಿಡಿಯೋ ಚೆನ್ನಾಗಿ ಓಡಿತು.

ಆಗ ನಮ್ಮ ಊರಿನಲ್ಲಿ ಆಕ್ಷೇಪ ಬರಲಿಲ್ಲವೇ? ಬಂತು. ಉಪ್ಪನ ಅಂಗಡಿಗೇ ಬಂದು ಇಬ್ಬರು ಹೇಳಿದರು. ಏನೆಂದು? “ನಿಮ್ಮ ಮಗಳ ನಗು ವಿಡಿಯೋದಲ್ಲಿ ಕೇಳಿಸುತ್ತದೆ” ಎಂದು. ಹೆಂಗಸಿನ ನಗು ಕೇಳಿಸಿದ್ದು ಅವರಿಗೆ ತಪ್ಪಾಗಿ ಕಂಡಿತು. ಮಗುವಿನ ಅಳು ಕೇಳಿಸಿದ್ದು ಯಾರಿಗೂ ತಪ್ಪಾಗಿ ಕಾಣಲಿಲ್ಲ. ಹಾಗೆ ಹೇಳಿದ ಇಬ್ಬರ ಫೋನಿನಲ್ಲೂ ಆ ವಿಡಿಯೋ ಇತ್ತು, ಇಲ್ಲದಿದ್ದರೆ ನಗು ಕೇಳಿಸಿದ್ದು ಹೇಗೆ? ಮರ್ಯಾದೆಯ ಲೆಕ್ಕ ಹಾಕುವಾಗ ನಮ್ಮ ಸಮಾಜ ಯಾವಾಗಲೂ ಹೆಣ್ಣಿನ ಖಾತೆಗೇ ಬರೆಯುತ್ತದೆ. ಮಗುವಿಗೂ ಒಂದು ಮರ್ಯಾದೆ ಉಂಟು, ಅದಕ್ಕೂ ಒಂದು ಖಾತೆ ಬೇಕು ಎಂದು ನಮಗೆ ಹೊಳೆಯುವುದೇ ಇಲ್ಲ.

“ಇದೆಲ್ಲ ಅತಿ ಆಯಿತು, ತಮಾಷೆಗೆ ಮಾಡಿದ್ದು” ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಮೈಕ್ ಮತ್ತು ಹೆದರ್ ಮಾರ್ಟಿನ್ ಎಂಬ ದಂಪತಿ ‘ಡ್ಯಾಡಿ ಓ ಫೈವ್’ ಎಂಬ ಚಾನೆಲ್ ನಡೆಸುತ್ತಿದ್ದರು. ಐದು ಮಕ್ಕಳ ಮನೆ, ದಿನಾ ತಮಾಷೆ. ಒಂದು ವಿಡಿಯೋದಲ್ಲಿ ತಾವೇ ಮಾಯವಾಗುವ ಶಾಯಿಯನ್ನು ನೆಲಹಾಸಿನ ಮೇಲೆ ಚೆಲ್ಲಿ, ಅದನ್ನು ಹುಡುಗನ ತಲೆಗೆ ಕಟ್ಟಿ, ಕೆಟ್ಟ ಮಾತಿನಲ್ಲಿ ಬೈದು ಅವನನ್ನು ಅಳಿಸಿದರು. ಆಮೇಲೆ ‘ಪ್ರ್ಯಾಂಕ್’ ಎಂದರು. ಅವರಿಗೆ ಏಳು ಲಕ್ಷಕ್ಕೂ ಹೆಚ್ಚು ಚಂದಾದಾರರಿದ್ದರು. 2017ರಲ್ಲಿ ಜನ ರೊಚ್ಚಿಗೆದ್ದರು, ಇಬ್ಬರು ಮಕ್ಕಳನ್ನು ಅವರ ಕೈಯಿಂದ ತೆಗೆಯಲಾಯಿತು. ಮಕ್ಕಳ ನಿರ್ಲಕ್ಷ್ಯದ ಕೇಸಿನಲ್ಲಿ ಇಬ್ಬರಿಗೂ ಐದು ವರ್ಷದ ಪ್ರೊಬೇಶನ್ ಆಯಿತು. ಯೂಟಾ ರಾಜ್ಯದ ರೂಬಿ ಫ್ರಾಂಕಿ ಎಂಬ ತಾಯಿಯದ್ದು ಆರು ಮಕ್ಕಳ ‘ಆದರ್ಶ ಕುಟುಂಬ’ದ ಚಾನೆಲ್. 2023ರ ಆಗಸ್ಟಿನಲ್ಲಿ ಆಕೆಯ ಬಂಧನವಾಯಿತು, 2024ರಲ್ಲಿ ಮಕ್ಕಳ ಮೇಲಿನ ಕ್ರೌರ್ಯಕ್ಕೆ ಜೈಲು ಶಿಕ್ಷೆ ಆಯಿತು. ನಾನು ಮಾರ್ಟಿನ್ ಅಲ್ಲ, ಫ್ರಾಂಕಿಯೂ ಅಲ್ಲ, ನೀವೂ ಅಲ್ಲ. ಆದರೆ ಆ ಶಾಯಿಯ ವಿಡಿಯೋಗೂ ನಾನು ಸೈಕಲ್ ಅಡಗಿಸಿದ ವಿಡಿಯೋಗೂ ಇರುವ ವ್ಯತ್ಯಾಸ ಪ್ರಮಾಣದ್ದು, ಜಾತಿಯದ್ದಲ್ಲ. ಎರಡರಲ್ಲೂ ಮಗುವಿಗೆ ಅದು ತಮಾಷೆ ಎಂದು ಗೊತ್ತಿಲ್ಲ. ಅದು ಗೊತ್ತಿಲ್ಲದಿರುವುದೇ ನಮ್ಮ ಬಂಡವಾಳ.

ಇನ್ನು ನನಗೆ ಪದೇ ಪದೇ ಸಿಗುವ ಉತ್ತರ ಒಂದುಂಟು. “ನೀನು ಸಣ್ಣವನಿದ್ದಾಗ ಉಪ್ಪನ ಅಂಗಡಿಯಲ್ಲಿ ಕೆಲಸ ಮಾಡಲಿಲ್ಲವಾ? ಅವನೂ ಮನೆಯ ವ್ಯಾಪಾರಕ್ಕೆ ಕೈ ಕೊಟ್ಟ, ಅಷ್ಟೇ.”

ಹೌದು, ಮಾಡಿದ್ದೇನೆ. ಶಾಲೆ ಬಿಟ್ಟು ಬಂದು ಸಕ್ಕರೆ ಪೊಟ್ಟಣ ಕಟ್ಟಿದ್ದೇನೆ, ಸಾಲದ ಪುಸ್ತಕ ಬರೆದಿದ್ದೇನೆ. ಹಾಗಾಗಿಯೇ ಎರಡರ ವ್ಯತ್ಯಾಸ ನನಗೆ ಗೊತ್ತು. ಉಪ್ಪನ ಅಂಗಡಿ ರಾತ್ರಿ ಒಂಬತ್ತಕ್ಕೆ ಶಟರ್ ಎಳೆಯುತ್ತಿತ್ತು. ನಾನು ಮಾರುತ್ತಿದ್ದದ್ದು ಬೆಲ್ಲ, ನನ್ನ ಮುಖ ಅಲ್ಲ. ನಾನು ಜಾರಿ ಬಿದ್ದರೆ ಅಂಗಡಿಯಲ್ಲಿದ್ದ ನಾಲ್ಕು ಗಿರಾಕಿಗಳು ನಗುತ್ತಿದ್ದರು, ಮರುದಿನ ಮರೆಯುತ್ತಿದ್ದರು. ಇಪ್ಪತ್ತು ವರ್ಷದ ಮೇಲೆ ನಾನು ಹೆಣ್ಣು ನೋಡಲು ಹೋದಾಗ ಯಾರೂ ಆ ಬಿದ್ದದ್ದನ್ನು ತೆಗೆದು ತೋರಿಸಲಿಲ್ಲ. ನನ್ನ ಅಳಿಯ ದುಡಿಯುವ ಅಂಗಡಿಗೆ ಶಟರೇ ಇಲ್ಲ. ಅವನು ಮಲಗಿರುವಾಗಲೂ ದುಬೈಯಲ್ಲಿ ಯಾರೋ ಅವನನ್ನು ನೋಡಿ ನಗುತ್ತಿರುತ್ತಾರೆ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆ ಹದಿನಾಲ್ಕರ ಒಳಗಿನ ಮಗುವಿಗೆ ಶಾಲೆಯ ಸಮಯ ಬಿಟ್ಟು ಮನೆಯ ಕಸುಬಿಗೆ ಸಹಾಯ ಮಾಡಲು ಬಿಡುತ್ತದೆ. ಕಲಾವಿದನಾಗಿ ಅಭಿನಯಿಸಲೂ ಷರತ್ತಿನ ಮೇಲೆ ಬಿಡುತ್ತದೆ. 2017ರ ನಿಯಮಗಳು ಆ ಷರತ್ತುಗಳನ್ನು ಹೇಳುತ್ತವೆ. ದಿನಕ್ಕೆ ಐದು ಗಂಟೆಗಿಂತ ಹೆಚ್ಚಿಲ್ಲ, ವಿಶ್ರಾಂತಿ ಇಲ್ಲದೆ ಮೂರು ಗಂಟೆಗಿಂತ ಹೆಚ್ಚಿಲ್ಲ, ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಮಗು ಗಳಿಸಿದ್ದರಲ್ಲಿ ಕನಿಷ್ಠ ನೂರಕ್ಕೆ ಇಪ್ಪತ್ತನ್ನು ಅದರ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ಠೇವಣಿಯಲ್ಲಿಡಬೇಕು, ಪ್ರಾಯಕ್ಕೆ ಬಂದ ಮೇಲೆ ಅದು ಅವನದ್ದು. ಮಗುವಿನ ಇಚ್ಛೆಗೆ, ಒಪ್ಪಿಗೆಗೆ ವಿರುದ್ಧವಾಗಿ ಅದನ್ನು ಇಂಥ ಯಾವ ಕಾರ್ಯಕ್ರಮದಲ್ಲೂ ತೊಡಗಿಸಬಾರದು ಎಂದೂ ಬರೆದಿದ್ದಾರೆ. ಸಿನಿಮಾ, ಸೀರಿಯಲ್ಲಿನವರನ್ನು ಕಣ್ಣ ಮುಂದಿಟ್ಟು ಬರೆದ ನಿಯಮಗಳು ಇವು. ಮಾಮನೇ ನಿರ್ಮಾಪಕ, ಮಾಮನೇ ನಿರ್ದೇಶಕ, ಚಿಟ್ಟೆಯೇ ಸ್ಟುಡಿಯೋ ಆದರೆ ಯಾರು ಬಂದು ನೋಡುತ್ತಾರೆ?

ಫ್ರಾನ್ಸ್ 2020ರಲ್ಲೇ ಇದಕ್ಕೆಂದು ಕಾನೂನು ಮಾಡಿತು. ಹದಿನಾರರ ಒಳಗಿನ ಮಕ್ಕಳ ವಿಡಿಯೋ ಹಣ ಅವರ ಹೆಸರಿನಲ್ಲಿ ಜಮೆ ಆಗಬೇಕು, ಮಗು ಕೇಳಿದರೆ ವಿಡಿಯೋ ತೆಗೆಯಬೇಕು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2024ರ ಜುಲೈ 1ರಿಂದ ವಿಡಿಯೋದಲ್ಲಿ ಕಾಣಿಸುವ ಮಗುವಿಗೆ ಪಾಲು ಎತ್ತಿಡದ ಹೆತ್ತವರ ಮೇಲೆ, ಆ ಮಗು ದೊಡ್ಡದಾದ ಮೇಲೆ ದಾವೆ ಹೂಡಬಹುದು. ಇದೇನು ಹೊಸ ಯೋಚನೆ ಅಲ್ಲ. ಚಾಪ್ಲಿನ್ ಜೊತೆ ‘ದಿ ಕಿಡ್’ನಲ್ಲಿ ಅಭಿನಯಿಸಿದ ಜಾಕಿ ಕೂಗನ್ ದೊಡ್ಡವನಾಗಿ ನೋಡಿದರೆ ದುಡಿದದ್ದೆಲ್ಲ ತಾಯಿ ಮತ್ತು ಮಲತಂದೆಯ ಕೈಯಲ್ಲಿ ಕರಗಿತ್ತು. ಅವನು ಕೋರ್ಟಿಗೆ ಹೋದ, 1939ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ತಂದಿತು. ಎಂಬತ್ತೈದು ವರ್ಷ ಹಿಂದೆ ಹಾಲಿವುಡ್ ಕಲಿತ ಪಾಠ ಇದು. ನಾವು ಫೋನ್ ಹಿಡಿಯಲು ಕಲಿತೆವು, ಪಾಠ ಕಲಿಯಲಿಲ್ಲ.

ಕಾನೂನು ನಮ್ಮ ಮನೆ ಬಾಗಿಲಿಗೆ ಬರುವವರೆಗೆ ಕಾಯಬೇಕಾಗಿಲ್ಲ. ವರ್ಕ್‌ಶಾಪಿನಲ್ಲಿ ಪವರ್ ಪ್ರೆಸ್ ಎಂಬ ಯಂತ್ರ ಉಂಟು. ಅದನ್ನು ನಡೆಸಲು ಎರಡು ಕೈಯಲ್ಲಿ ಎರಡು ಬಟನ್ ಒಟ್ಟಿಗೆ ಒತ್ತಬೇಕು. ಯಾಕೆಂದರೆ ಎರಡೂ ಕೈ ಬಟನ್ ಮೇಲಿದ್ದರೆ ಒಂದು ಕೈ ಅಚ್ಚಿನ ಕೆಳಗೆ ಇರಲು ಸಾಧ್ಯವಿಲ್ಲ. ಮತ್ತೆ ಅದರ ಮೇಲೊಂದು ಕೆಂಪು ಬಟನ್. ಮ್ಯಾನೇಜರ್ ಒತ್ತಿದರೂ ನಿಲ್ಲುತ್ತದೆ, ಗುಡಿಸುವವರು ಒತ್ತಿದರೂ ನಿಲ್ಲುತ್ತದೆ. ಯಾಕೆ ಒತ್ತಿದೆ ಎಂದು ಯಂತ್ರ ಕೇಳುವುದಿಲ್ಲ. ನನ್ನ ಅಳಿಯನ ಹತ್ತಿರ ಇದ್ದ ಕೆಂಪು ಬಟನ್ ‘ಬೇಂಡ’ ಎಂಬ ಒಂದೇ ಮಾತು. ನಾಲ್ಕು ವರ್ಷದ ಮಗುವಿಗೆ ಬೇರೆ ಏನು ಗೊತ್ತಿರುತ್ತದೆ? ಅವನು ಒತ್ತುತ್ತಲೇ ಇದ್ದ. ನಾವು ಆ ಬಟನ್ನಿನ ಸದ್ದಿಗೇ ಮ್ಯೂಸಿಕ್ ಹಾಕಿ ರಿಂಗ್‌ಟೋನ್ ಮಾಡಿದೆವು.

ಅದರ ಫಲ ಏನಾಯಿತು ಗೊತ್ತೇ? ಶಾಲೆಯಲ್ಲಿ ದೊಡ್ಡ ಮಕ್ಕಳು ಅವನನ್ನು ಹೆಸರಿಡಿದು ಕರೆಯುವುದಿಲ್ಲ, ‘ಬೇಂಡ’ ಎಂದೇ ಕರೆಯುತ್ತಾರೆ. ನೀರಿನ ಬಾಟ್ಲಿ ಕಿತ್ತುಕೊಂಡು “ಹೇಳು, ಹೇಳಿದರೆ ಕೊಡುತ್ತೇವೆ” ಎನ್ನುತ್ತಾರೆ. ಒಂದು ವರ್ಷದಿಂದ ಅವನು ಮನೆಯ ಹೊರಗೆ ಬ್ಯಾರಿ ಮಾತಾಡುವುದಿಲ್ಲ. ಅಂಗಡಿಗೆ ಬಂದರೆ ಸ್ವಂತ ಉಪ್ಪಪ್ಪನ ಹತ್ತಿರ ಮಲಯಾಳಂನಲ್ಲಿ ಕೇಳುತ್ತಾನೆ. ಊಟ ಬೇಡವಾದರೆ ಬಾಯಿ ಬಿಟ್ಟು ಹೇಳುವುದಿಲ್ಲ, ತಟ್ಟೆ ದೂಡುತ್ತಾನೆ. ಬೇಡ ಎನ್ನುವ ಮಾತನ್ನೇ ನಾವು ಅವನ ಬಾಯಿಂದ ಕಿತ್ತುಕೊಂಡೆವು. ‘ನಮ್ಮ ಭಾಷೆ, ನಮ್ಮ ಹೆಮ್ಮೆ’ ಎಂದು ಚಾನೆಲ್‌ನ ನೆತ್ತಿ ಮೇಲೆ ಬರೆದುಕೊಂಡಿದ್ದೆ. ಒಬ್ಬ ಹುಡುಗನ ಭಾಷೆ ಹೋಯಿತು. ಇಂಥ ಹೆಮ್ಮೆ ಯಾರಿಗೆ ಬೇಕು?

ಹಾಗಾದರೆ ಮನೆಯವರು ಸೇರಿ ನಗಿಸುವ ವಿಡಿಯೋ ಮಾಡಲೇಬಾರದೇ? ಮಾಡಿ. ನಾನು ನಗುವಿನ ವಿರೋಧಿ ಅಲ್ಲ. ನೀವು ದೊಡ್ಡವರು, ನಿಮ್ಮ ಹೊಟ್ಟೆ, ನಿಮ್ಮ ಬೋಳು ತಲೆ, ನಿಮ್ಮ ಸಾಲ, ನಿಮ್ಮ ಜಗಳ, ಬೇಕಾದಷ್ಟು ನಗಿಸಿ. ಮಗು ತಾನಾಗಿ ಕುಣಿದು ಬಂದು ಪಾತ್ರ ಮಾಡಿದರೆ ಅದಕ್ಕೂ ಜಾಗ ಉಂಟು. ಆದರೆ ನಾಲ್ಕು ಮಾತು ಗೋಡೆಗೆ ಬರೆದು ಅಂಟಿಸಿಕೊಳ್ಳಿ.

ಮಗು ಬೇಡ ಎಂದರೆ ಫೋನು ಕೆಳಗೆ. ಸಮಾಧಾನ ಮಾಡಿ, ಚಾಕಲೇಟ್ ಕೊಟ್ಟು ಒಪ್ಪಿಸುವುದೂ ಇಲ್ಲ.

ಅಳು, ಭಯ, ಪೆಟ್ಟು, ಸ್ನಾನ, ಜ್ವರ, ಸುನ್ನತ್, ಇವು ಮನೆಯವು. ಇವುಗಳನ್ನು ಗಂಡನಿಗೆ ಕಳಿಸಿ, ಅಜ್ಜಿಗೆ ತೋರಿಸಿ. ಲೋಕಕ್ಕೆ ಬೇಡ.

ಗಳಿಸಿದ್ದರಲ್ಲಿ ಮಗುವಿನ ಪಾಲು ಮೊದಲೇ ಎತ್ತಿಡಿ. ಆಟಿಕೆ, ಬಟ್ಟೆ ಪಾಲಿನ ಲೆಕ್ಕಕ್ಕೆ ಬರುವುದಿಲ್ಲ, ಅವು ಹೇಗೂ ನೀವು ಕೊಡಬೇಕಾದವು. ನಮ್ಮ ಕಡೆಯ ಬಟ್ಟೆ ಅಂಗಡಿ, ಚಿನ್ನದ ಅಂಗಡಿ, ಮಂದಿ ಹೋಟೆಲಿನವರು ಮಗುವಿನ ಮುಖಕ್ಕೆ ಒಂದು ಜೊತೆ ಬಟ್ಟೆ ಕೊಟ್ಟು ಜಾಹೀರಾತು ಮಾಡಿಸಿಕೊಳ್ಳುತ್ತಾರೆ. ದೊಡ್ಡ ನಟನಿಗೆ ಬಟ್ಟೆ ಮಾತ್ರ ಕೊಟ್ಟು ಕಳಿಸುತ್ತೀರಾ ಎಂದು ಅವರನ್ನು ಕೇಳಿ.

ಮಗು ಯಾವ ವಯಸ್ಸಿನಲ್ಲಿ ‘ತೆಗೆಯಿರಿ’ ಎಂದರೂ ಆ ದಿನವೇ ತೆಗೆಯಿರಿ.

ಉಪ್ಪ ನನಗೆ ಕಲಿಸಿದ್ದು ಒಂದೇ ವಿದ್ಯೆ, ಲೆಕ್ಕ ಬರೆಯುವುದು. ಹಾಗಾಗಿ ನನ್ನ ಲೆಕ್ಕ ಇಲ್ಲಿ ಎಲ್ಲರ ಮುಂದೆ ಇಡುತ್ತೇನೆ. ಚಾನೆಲ್ ನಡೆದಷ್ಟು ಕಾಲ ಬ್ಯಾಂಕಿಗೆ ಬಂದ ಮೊತ್ತ 3,14,000 ರೂಪಾಯಿ. ನೂರಕ್ಕೆ ಇಪ್ಪತ್ತರ ಲೆಕ್ಕದಲ್ಲಿ ಹುಡುಗನದ್ದು 62,800. ಅಷ್ಟನ್ನು ಅವನ ಹೆಸರಿಗೆ ಠೇವಣಿ ಇಟ್ಟಿದ್ದೇನೆ. ಅದು ದಾನ ಅಲ್ಲ, ಹಳೇ ಬಾಕಿ. ಉಳಿದ ಬಾಕಿ ದುಡ್ಡಿನಲ್ಲಿ ತೀರುವಂಥದ್ದಲ್ಲ.

ಮದುವೆಯಿಂದ ಬಂದ ರಾತ್ರಿ ಅವನು ನನ್ನ ಹತ್ತಿರ ಬಂದ. “ಮಾಮ, ಅದನ್ನು ತೆಗೆಯಲಿಕ್ಕೆ ಆಗುತ್ತದಾ?” ಎಂದು ಕೇಳಿದ, ಬ್ಯಾರಿಯಲ್ಲೇ, ಬಹಳ ಸಣ್ಣ ದನಿಯಲ್ಲಿ. ಆಗುತ್ತದೆ ಎಂದೆ. ಚಾನೆಲ್ ಪೂರ್ತಿ ಅಳಿಸಿದೆ, ಅವನ ಎದುರಿಗೇ. ಅವನು ಸ್ವಲ್ಪ ಹೊತ್ತು ಖಾಲಿ ಸ್ಕ್ರೀನ್ ನೋಡಿ, “ಇನ್ನು ಯಾರ ಹತ್ತಿರವೂ ಇಲ್ಲವಾ?” ಎಂದ.

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಉತ್ತರ ನಿಮ್ಮ ಹತ್ತಿರ ಉಂಟು. ಟ್ರಿಮ್ಮರ್, ಅರ್ಧ ಬೋಳು ತಲೆ, ಬಕೆಟ್, ನಲವತ್ತೊಂದು ಸೆಕೆಂಡು. ನಿಮ್ಮ ಫೋನಿನಲ್ಲಿ, ನಿಮ್ಮ ಗ್ರೂಪಿನಲ್ಲಿ, ನಿಮ್ಮ ಸ್ಟಿಕ್ಕರುಗಳ ನಡುವೆ ಅದಿದ್ದರೆ ಈಗಲೇ ಅಳಿಸಿ. ಬೇರೆಯವರು ಕಳಿಸಿದರೆ ‘ಇದು ಬೇಡ’ ಎಂದು ಅವರಿಗೆ ಬರೆಯಿರಿ. ಮುಂದಿನ ಮದುವೆಯಲ್ಲಿ ಅವನನ್ನು ಕಂಡರೆ ಹೆಸರು ಕೇಳಿ. ಅವನಿಗೆ ಒಂದು ಹೆಸರುಂಟು, ಅವನೇ ಹೇಳುತ್ತಾನೆ.